ಮೂರು ದಾಳದ ಸ್ಟಾಲ್: ಆಟವೂ ನ್ಯಾಯವಾಗಿರಬೇಕು, ಲಾಭವೂ ಬರಬೇಕು ಅಂದರೆ ಗೆದ್ದವರಿಗೆ ಎಷ್ಟು ಕೊಡಬೇಕು?

ಕಾಲೇಜು ಹಬ್ಬಕ್ಕೆ ಮೂರು ದಾಳದ ಸ್ಟಾಲ್ ಇಡುತ್ತೇವೆ, ಗೆಲುವು ಅರ್ಧಕ್ಕರ್ಧ, ಗೆದ್ದವರಿಗೆ ಎಷ್ಟು ಕೊಡಬೇಕು ಅಂತ ಕೇಳಿದ್ದೀರಿ. ಆಟ ಇಷ್ಟೇ: ಒಂದರಿಂದ ಆರರವರೆಗಿನ ಆರು ಮನೆಯ ಹಾಸಿನಲ್ಲಿ ಒಂದು ಅಂಕಿ ಹಿಡಿದು ಪಣ ಇಡುವುದು, ಮೂರು ದಾಳ ಉರುಳಿಸುವುದು, ಆ ಅಂಕಿ ಬಿದ್ದರೆ ಗೆಲುವು. ನಾವು ಇಟ್ಟಿದ್ದೂ ಇದೇ ಸ್ಟಾಲು. ಆಟಕ್ಕೆ 10 ರೂಪಾಯಿಯ ತಿಂಡಿ ಕೂಪನ್. ಸಂಜೆಗೆ 300 ಆಟ ಮುಗಿದಾಗ ಕೈಬಿಟ್ಟು ಹೋದದ್ದು ಹತ್ತಿರಹತ್ತಿರ 1,300 ರೂಪಾಯಿ.

ಲೆಕ್ಕ ಸರಿಯಾಗೇ ಇತ್ತು. ಮೂರು ದಾಳಕ್ಕೆ 216 ಬಗೆಯ ಗರ. ಹಿಡಿದ ಅಂಕಿ 125ರಲ್ಲಿ ಬೀಳುವುದೇ ಇಲ್ಲ. 75ರಲ್ಲಿ ಒಂದು ದಾಳದ ಮೇಲೆ, 15ರಲ್ಲಿ ಎರಡರ ಮೇಲೆ, ಒಂದರಲ್ಲಿ ಮಾತ್ರ ಮೂರರ ಮೇಲೂ. 'ಮೂರು ದಾಳ, ಆರು ಮುಖ, ಹಾಗಾಗಿ ಅರ್ಧಕ್ಕರ್ಧ ಗೆಲುವು' ಅಂತ ಬರೆದಿದ್ದೀರಲ್ಲ, ಅದು ತಪ್ಪು. ಗೆಲುವು 216ಕ್ಕೆ 91, ಅಂದರೆ ನೂರಕ್ಕೆ 42. ಒಂದು ಬಿದ್ದರೆ ಪಣದಷ್ಟೇ ಲಾಭ, ಎರಡು ಬಿದ್ದರೆ ಎರಡರಷ್ಟು, ಮೂರು ಬಿದ್ದರೆ ಮೂರರಷ್ಟು ಕೊಟ್ಟರೆ 75+30+3 = 108; ಸೋಲು 125. ಆಡುವವನಿಗೆ ರೂಪಾಯಿಗೆ ಸುಮಾರು 8 ಪೈಸೆ ಖೋತಾ. ಮೂರೂ ಬಿದ್ದಾಗ 20ರಷ್ಟು ಕೊಡಿ: 75+30+20 = 125. ಸರಿಸಮ.

ನಾವು ಇಟ್ಟಿದ್ದು ಈ ಸರಿಸಮದ ಆಟವನ್ನೇ. ಎಡವಿದ್ದು ಬೋರ್ಡಿನಲ್ಲಿ. 'ಒಂದಕ್ಕೆ ಎರಡು, ಒಂದಕ್ಕೆ ಮೂರು, ಒಂದಕ್ಕೆ ಇಪ್ಪತ್ತೊಂದು' ಅಂತ ಬರೆದೆ. ನನ್ನ ಮನಸ್ಸಿನಲ್ಲಿ ಅದು ಪಣವೂ ಸೇರಿದ ಮೊತ್ತ. ಕೌಂಟರಿನಲ್ಲಿದ್ದ ಗೆಳೆಯರು 20 ಕೊಟ್ಟು, ಮೇಲೆ ಪಣದ 10ನ್ನೂ ವಾಪಸ್ ಕೊಟ್ಟರು. ಪ್ರತಿ ಗೆಲುವಿಗೂ ಒಂದು ಪಣ ಹೆಚ್ಚು ಹೋಯಿತು. 216ಕ್ಕೆ 91 ಸಲ ಹೀಗಾದರೆ ಆಟಕ್ಕೆ 4 ರೂಪಾಯಿ 21 ಪೈಸೆ ನಷ್ಟ. 300ರಿಂದ ಗುಣಿಸಿ ನೋಡಿ. ಹೆಚ್ಚು ಪಡೆದವರು ಯಾರೂ ತಕರಾರು ತೆಗೆಯುವುದಿಲ್ಲ, ಹಾಗಾಗಿ ರಾತ್ರಿ ಕೂಪನ್ ಎಣಿಸುವವರೆಗೆ ಗೊತ್ತೇ ಆಗಲಿಲ್ಲ. 'ಒಂದಕ್ಕೆ ಇಷ್ಟು' ಅನ್ನುವ ಮಾತನ್ನೇ ಬರೆಯಬೇಡಿ. '1 ಇಟ್ಟು ಗೆದ್ದರೆ ಕೈಗೆ ಒಟ್ಟು 2, 3 ಅಥವಾ 21' ಅಂತ ಬರೆಯಿರಿ. ದಾಳ ಉರುಳಿಸುವ ಮೊದಲೇ ಪಣವನ್ನು ಡಬ್ಬಿಗೆ ಹಾಕಿಬಿಡಿ. ಹಾಸಿನ ಮೇಲೆ ಉಳಿದ ಪಣವೇ ಗೊಂದಲದ ಮೂಲ.

ಇನ್ನು ನ್ಯಾಯವೂ ಲಾಭವೂ ಒಟ್ಟಿಗೆ ಬೇಕು ಅನ್ನುವುದು ಆಗದ ಮಾತು. ಸರಿಸಮದ ಆಟದಲ್ಲಿ ಸರಾಸರಿ ಉಳಿಕೆ ಸೊನ್ನೆ. ಅಲ್ಲದೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಹಣ ಕಟ್ಟಿ ಅದೃಷ್ಟದಾಟ ಆಡಿಸುವುದು ಅಪರಾಧ. ನಮ್ಮ ಹಾಗೆ ಕೂಪನ್ನೂ ಬೇಡ. ಬಂದವರಿಗೆಲ್ಲ ಪಣಕ್ಕಂತ ಹತ್ತು ಅಂಗಿ ಗುಂಡಿ ಪುಕ್ಕಟೆ ಕೊಟ್ಟು ಆಡಿಸಿ, ದುಡ್ಡು ಬೇಕಿದ್ದರೆ ಪಕ್ಕದಲ್ಲೇ ಚುರುಮುರಿ ಮಾರಿ.

ದಾಳ ಮೂರು ಬಣ್ಣದ್ದಿರಲಿ, ಲೋಟದಲ್ಲಿ ಕುಲುಕಿಯೇ ಎಸೆಯಲಿ. ಹಬ್ಬಕ್ಕೆ ಮೊದಲು ಒಂದೊಂದು ದಾಳವನ್ನೂ 600 ಸಲ ಉರುಳಿಸಿ ಗೀಟು ಹಾಕಿ. ಪ್ರತಿ ಮುಖವೂ 100ರ ಆಸುಪಾಸು ಬರಬೇಕು. ಯಾವುದಾದರೂ 75ಕ್ಕಿಂತ ಕೆಳಗೋ 125ಕ್ಕಿಂತ ಮೇಲೋ ಹೋದರೆ ಆ ದಾಳ ಬೇಡ, ಬೇರೆ ತನ್ನಿ.