ಸಾಲ ಮಾಡಿ ಬೆಂಗಳೂರಾ, ಸಾಲವಿಲ್ಲದೆ ಹುಬ್ಬಳ್ಳಿಯಾ?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ, ಲಾ ಓದುತ್ತೇನೆ ಎನ್ನುತ್ತಾಳೆ. ನ್ಯಾಷನಲ್ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಐದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಮೂರೂವರೆ ಲಕ್ಷ, ಅಂದರೆ 15 ಲಕ್ಷ ಸಾಲ ಮಾಡಲೇಬೇಕು. ಹುಬ್ಬಳ್ಳಿಯಲ್ಲಾದರೆ ಸಾಲವಿಲ್ಲದೆ ಮುಗಿಯುತ್ತದೆ. ಅವಳಿಗೆ ಜಡ್ಜ್ ಆಗುವ ಆಸೆ. ಏನು ಮಾಡಲಿ?
– ಕಿರಾಣಿ ಅಂಗಡಿಯವರು, ಹಾವೇರಿ

ಉತ್ತರ: ಯಜಮಾನರೇ, ಜಡ್ಜ್ ಆಗುವ ಆಸೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನೇ ಮೊದಲು ಬರೆಯಬೇಕಿತ್ತು.

ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಐದು ವರ್ಷ ಓದಿದ ಮೇಲೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆದು ಯಾರಾದರೂ ಸೀನಿಯರ್ ಹತ್ತಿರ ಫೈಲು ಹೊರಬೇಕು. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಎಂದು ವಕೀಲರ ಮೇಲುಸ್ತುವಾರಿ ಸಂಸ್ಥೆಯಾದ ಬಾರ್ ಕೌನ್ಸಿಲ್ 2024ರಲ್ಲಿ ಹೇಳಿತಾದರೂ ಅದು ಬರೀ ಸಲಹೆ. ನಾನು ಜೂನಿಯರ್ ಆಗಿದ್ದಾಗ ಸಿಗುತ್ತಿದ್ದದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟ.

ಈಗ ಸಾಲದ ಲೆಕ್ಕ ಹಾಕಿ. 15 ಲಕ್ಷಕ್ಕೆ ಶೇ 10ರ ಬಡ್ಡಿ, ಹತ್ತು ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 19,800 ರೂಪಾಯಿ. ಓದುವಾಗ ಬೆಳೆಯುವ ಬಡ್ಡಿ ಬೇರೆ. ಕಂತು ಕಟ್ಟಲಿಕ್ಕೋಸ್ಕರ ಹುಡುಗಿ ಕೋರ್ಟು ಬಿಟ್ಟು ಯಾವುದೋ ಕಂಪನಿ ಸೇರುತ್ತಾಳೆ, ಜಡ್ಜ್ ಆಸೆ ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸೀಟು ಸಿಕ್ಕಿದ್ದರೆ ಸಾಲ ಮಾಡಿ ಎನ್ನುತ್ತಿದ್ದೆ, ದೊಡ್ಡ ಲಾ ಫರ್ಮ್‌ಗಳು ತಾವಾಗಿಯೇ ಅಲ್ಲಿಗೆ ಬರುತ್ತವೆ. ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ಎಲ್ಲ ಕಾಲೇಜೂ ಹಾಗಲ್ಲ, ಅಲ್ವಾ? ಯಾರೋ ಒಬ್ಬನಿಗೆ ಸಿಕ್ಕ ದೊಡ್ಡ ಪ್ಯಾಕೇಜನ್ನು ಬ್ರೋಷರ್ ತುಂಬ ಹಾಕಿರುತ್ತಾರೆ. ಕಳೆದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ತೀರಾ ಸಾಧಾರಣ ಹುಡುಗನಿಗೆ ಎಷ್ಟು ಸಂಬಳ ಎಂದು ಕೇಳಿ ನೋಡಿ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ ಎನ್ನಿ.

ಹುಬ್ಬಳ್ಳಿ ಸಾಕು. ರಾಜ್ಯದ ಲಾ ಯೂನಿವರ್ಸಿಟಿ ಇರುವುದೇ ಅಲ್ಲಿಯ ನವನಗರದಲ್ಲಿ, ಪಕ್ಕದ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ರಜೆಯಲ್ಲಿ ಸುಮ್ನೆ ಮನೆಯಲ್ಲಿ ಕೂರುವ ಬದಲು ಅಲ್ಲಿಯ ವಕೀಲರ ಜೊತೆ ಓಡಾಡಲಿ. ಒಂದು ಮಾತು, ಹೈಕೋರ್ಟಿನ ವ್ಯವಹಾರ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಮೊದಲ ವರ್ಷದಿಂದಲೇ ದಿನಕ್ಕೊಂದು ತೀರ್ಪು ಓದುವ ರೂಢಿ ಬೇಕು, ಮೊದಮೊದಲು ತಲೆ ಕೆಡುತ್ತದೆ, ಇರಲಿ.

ಉಳಿದ ಹಣವನ್ನು ಆ ಮೂರು ವರ್ಷದ ಜೂನಿಯರ್‌ಗಿರಿಗೆ ಎತ್ತಿಡಿ. ತಿಂಗಳಿಗೆ ಹತ್ತು ಸಾವಿರ ಕೊಟ್ಟರೂ ಒಟ್ಟು 3.6 ಲಕ್ಷ, ಹೆಚ್ಚುಕಮ್ಮಿ ಬೆಂಗಳೂರಿನ ಒಂದು ವರ್ಷದ ಖರ್ಚು. ಆ ಕಾಲೇಜಿಗೆ ಆಗಲೇ ಅಡ್ವಾನ್ಸ್ ಕಟ್ಟಿದ್ದರೆ ನಾಳೆಯೇ ಹೋಗಿ ವಾಪಸ್ ಕೇಳಿ, ರಸೀದಿ ಮರೆಯಬೇಡಿ.