ನಿಯಮಗಳಿವೆ, ಅವುಗಳ ಸರದಿ ಎಲ್ಲಿ?

ಯಾದಗಿರಿಯ ಲೇಖಕರಿಗೆ ನಮಸ್ಕಾರ.

ಇಮೇಲ್ ಫಿಲ್ಟರ್ ಕುರಿತು ನೀವು ಕಳಿಸಿದ ಲೇಖನ ಓದಿದೆ. ಖರೇ ಹೇಳಬೇಕೆಂದರೆ, ಈಗಿರುವ ಹಾಗೆ ಅಚ್ಚಿಗೆ ಹಾಕಲಾಗದು. ಹಾಗಂತ ಬದಿಗಿಡುವ ಲೇಖನವೂ ಅಲ್ಲ. ಕಲಬುರಗಿಯ ದಾಲ್ ಮಿಲ್‌ನವರು ತೊಗರಿಬೇಳೆಯ ಬಿಲ್ ಕಳಿಸುತ್ತಾರೆ, ಅದು ಗಿರಾಕಿಯ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ, ಹಣ ತಡವಾಗುತ್ತದೆ. ನಮ್ಮ ಭಾಗದ ಓದುಗರಿಗೆ ಇದಕ್ಕಿಂತ ಚಲೋ ಉದಾಹರಣೆ ಸಿಗಲಿಕ್ಕಿಲ್ಲ. ಆದರೆ ಬಿಲ್ ಅಲ್ಲಿ ಯಾಕೆ ಬಿತ್ತು ಎಂಬುದು ಕೊನೆಯ ಸಾಲು ಮುಗಿದರೂ ತಿಳಿಯುವುದಿಲ್ಲ.

ಮೊದಲ ಎರಡು ಪುಟ ಬೀದರ್ ಕೋಟೆಯ ದ್ವಾರಪಾಲಕರಿಗೇ ಹೋಗಿದೆ. ತೆಗೆದುಬಿಡಿ. ದ್ವಾರಪಾಲಕ ಬಂದವನ ಮುಖ ನೋಡಿ ಬಿಡುತ್ತಾನೆ. ಮೇಲ್ ಸರ್ವರ್ ಪತ್ರದ ಒಂದಕ್ಷರವೂ ಕೈಗೆ ಬರುವ ಮೊದಲೇ ಅರ್ಧ ತೀರ್ಮಾನ ಮಾಡಿರುತ್ತದೆ. ಹೋಲಿಕೆ ಓದುಗನನ್ನು ತಪ್ಪು ದಾರಿಗೆ ಹಚ್ಚುತ್ತದೆ.

ನೀವು ಹನ್ನೆರಡು ಬಗೆಯ ನಿಯಮ ಹೇಳಿದ್ದೀರಿ, ಯಾವುದರ ನಂತರ ಯಾವುದು ಎಂದು ಹೇಳಿಲ್ಲ. ಲೇಖನ ನಿಲ್ಲಬೇಕಾದದ್ದೇ ಆ ಸರದಿಯ ಮೇಲೆ. ಸಂಪರ್ಕ ಬಂದ ಕೂಡಲೇ ಕಳಿಸುವ ಯಂತ್ರದ ಐಪಿ ವಿಳಾಸ ಕಪ್ಪುಪಟ್ಟಿಯಲ್ಲಿದೆಯೇ ಎಂಬ ತಪಾಸಣೆ. ಆಮೇಲೆ ಲಕೋಟೆಯ ವಿಳಾಸ, ಅಂದರೆ ಪತ್ರ ಸಾಗಿಸುವಾಗ ಸರ್ವರ್‌ಗಳು ತಮ್ಮತಮ್ಮಲ್ಲೇ ಹೇಳಿಕೊಳ್ಳುವ ಕಳಿಸಿದವರ ವಿಳಾಸ. ಇದು ನಮಗೆ ಪರದೆಯ ಮೇಲೆ ಕಾಣುವ ‘ಫ್ರಮ್’ ಅಲ್ಲ, ಎರಡೂ ಬೇರೆ ಬೇರೆ ಇರಬಹುದು. ಎಸ್‌ಪಿಎಫ್ ಎಂದರೆ ಒಂದು ಡೊಮೇನ್ (ವಿಳಾಸದಲ್ಲಿ @ ನಂತರದ ಹೆಸರು) ಪರವಾಗಿ ಪತ್ರ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ, ಅದು ನೋಡುವುದು ಲಕೋಟೆಯ ಡೊಮೇನ್ ಅನ್ನು. ಪತ್ರ ಪೂರ್ತಿ ಬಂದ ಮೇಲೆ ಡಿಕೆಐಎಂ ಸಹಿ (ಪತ್ರಕ್ಕೆ ಡೊಮೇನ್ ಹೆಸರಲ್ಲಿ ಹಾಕುವ ಡಿಜಿಟಲ್ ಸಹಿ), ಎಸ್‌ಪಿಎಫ್, ಡಿಕೆಐಎಂ ಎರಡರ ಫಲಿತಾಂಶವನ್ನು ಕಾಣುವ ಫ್ರಮ್‌ನೊಂದಿಗೆ ತಾಳೆ ನೋಡುವ ಡಿಮಾರ್ಕ್, ವೈರಸ್ ಸ್ಕ್ಯಾನ್, ಸ್ಪ್ಯಾಮ್ ಅಂಕ (ಪತ್ರ ಎಷ್ಟು ಸ್ಪ್ಯಾಮ್‌ನಂತಿದೆ ಎಂಬ ಲೆಕ್ಕ). ಬಳಕೆದಾರ ತಾನೇ ಬರೆದುಕೊಂಡ ಫೋಲ್ಡರ್ ನಿಯಮ ಎಲ್ಲಕ್ಕೂ ಕೊನೆಗೆ. ಒಂದೆರಡು ಹೆಜ್ಜೆ ಕಡೆಯಿಂದ ಕಡೆಗೆ ಹಿಂದುಮುಂದಾಗುತ್ತವೆ, ಅದನ್ನೂ ಒಂದು ಮಾತಿನಲ್ಲಿ ಹೇಳಿ.

ಇಷ್ಟು ಬಂದರೆ ದಾಲ್ ಮಿಲ್‌ನ ಗಂಟು ಬಿಚ್ಚಿಕೊಳ್ಳುತ್ತದೆ. ಮಿಲ್‌ನ ಮಾಮೂಲಿ ಪತ್ರ ಒಂದು ಸರ್ವರ್‌ನಿಂದ, ಬಿಲ್ ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರ್‌ನವರ ಸರ್ವರ್‌ನಿಂದ ಹೋಗುತ್ತಿದೆ, ಎಸ್‌ಪಿಎಫ್‌ನಲ್ಲಿ ಎರಡನೆಯದು ಇಲ್ಲ. ‘ಇನ್ನೊಂದು ಎಸ್‌ಪಿಎಫ್ ದಾಖಲೆ ಸೇರಿಸಿ’ ಎಂದು ಬರೆದಿದ್ದೀರಿ. ಇದು ತಪ್ಪು. ಒಂದು ಡೊಮೇನ್‌ಗೆ ಒಂದೇ ದಾಖಲೆ. ಎರಡಾದರೆ ಪರೀಕ್ಷೆಯೇ ‘ಪರ್ಮ್‌ಎರರ್’ (ದಾಖಲೆಯಲ್ಲೇ ದೋಷ ಎಂಬ ಫಲಿತಾಂಶ) ಆಗಿ, ಸರಿಯಿದ್ದ ಪತ್ರಗಳೂ ಕೆಡುತ್ತವೆ. ಇರುವ ದಾಖಲೆಯೊಳಗೇ ‘ಇನ್‌ಕ್ಲೂಡ್’ ಎಂದು ಸಾಫ್ಟ್‌ವೇರ್‌ನವರ ಪಟ್ಟಿಯನ್ನು ಸೇರಿಸಬೇಕು, ಇದಕ್ಕಾಗಿ ಡಿಎನ್‌ಎಸ್‌ನಲ್ಲಿ (ಡೊಮೇನ್‌ಗಳ ದಾಖಲೆ ಇಡುವ ವ್ಯವಸ್ಥೆ) ನಡೆಯುವ ಹುಡುಕಾಟ 10 ದಾಟಬಾರದು. ಲಕೋಟೆಯಲ್ಲಿ ಸಾಫ್ಟ್‌ವೇರ್‌ನವರದೇ ಡೊಮೇನ್ ಇದ್ದರೆ ಎಸ್‌ಪಿಎಫ್ ಪಾಸಾದರೂ ತಾಳೆ ಬೀಳುವುದಿಲ್ಲ, ಆಗ ಮಿಲ್‌ನ ಡೊಮೇನ್ ಹೆಸರಲ್ಲೇ ಡಿಕೆಐಎಂ ಸಹಿ ಹಾಕಿಸಬೇಕು. ಡಿಮಾರ್ಕ್ ನೀತಿ ಮೊದಲಿಗೆ ‘ನನ್’ (ತಡೆಯಬೇಡ, ವರದಿ ಮಾತ್ರ ಕಳಿಸು) ಇರಲಿ. ವರದಿ ಓದಿ ‘ಕ್ವಾರಂಟೈನ್’ (ಬೇರೆ ಇಡು), ಆಮೇಲೆ ‘ರಿಜೆಕ್ಟ್’ (ತಿರಸ್ಕರಿಸು). ಮೊದಲ ದಿನವೇ ‘ರಿಜೆಕ್ಟ್’ ಹಾಕಿದರೆ ಮಿಲ್‌ನ ಸ್ವಂತ ಬಿಲ್‌ಗಳೇ ವಾಪಸ್ಸು ಬಂದಾವು.

ಇನ್ನು ನಿಮ್ಮ ಕನ್ನಡ ನಿಯಮ: ‘ಪತ್ರದಲ್ಲಿ ಸಾಲ ಎಂದಿದ್ದರೆ ತಡೆಯಿರಿ.’ ಇದನ್ನು ಹಾಕಿದ ಕಿರಾಣಿ ಅಂಗಡಿಗೆ ಮಸಾಲೆಯ ಆರ್ಡರ್ ಬರುವುದೇ ನಿಲ್ಲುತ್ತದೆ. ಯಂತ್ರ ನೋಡುವುದು ಸಂಕೇತಗಳ ಸಾಲನ್ನು. ಮ, ಸ, ದೀರ್ಘ, ಲ, ಎತ್ವ ಎಂಬ ಐದರ ನಡುವೆ ‘ಸಾಲ’ ಪೂರ್ತಿ ಕೂತಿದೆ. ‘ಸಾಲು’, ‘ಸಾಲದು’ ಕೂಡ ಸಿಕ್ಕಿಬೀಳುತ್ತವೆ. ಇಡೀ ಪದ ಮಾತ್ರ ಹೊಂದಲಿ ಎಂದು ಬಿಗಿ ಮಾಡಿದರೆ ‘ಸಾಲಕ್ಕೆ’, ‘ಸಾಲದ’ ತಪ್ಪಿಸಿಕೊಳ್ಳುತ್ತವೆ, ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುತ್ತವಲ್ಲ. ‘ಅಪ್‌ಡೇಟ್’ ಎಂಬಲ್ಲಿ ಕಣ್ಣಿಗೆ ಕಾಣದ ನಾನ್-ಜಾಯಿನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಸಂಕೇತ) ಒಂದಿರುತ್ತದೆ. ಅದಿಲ್ಲದೆ ‘ಅಪ್ಡೇಟ್’ ಎಂದು ಬರೆದವನ ಪತ್ರಕ್ಕೆ ನಿಯಮ ತಾಗುವುದೇ ಇಲ್ಲ. ಸಾಲದ್ದಕ್ಕೆ ಕನ್ನಡದ ವಿಷಯಸಾಲು ಸಾಮಾನ್ಯವಾಗಿ ಬೇಸ್64 ಎಂಬ ಇಂಗ್ಲಿಷ್ ಅಕ್ಷರ-ಅಂಕೆಗಳ ಸಂಕೇತದಲ್ಲಿ ಸುತ್ತಿಕೊಂಡು ಬರುತ್ತದೆ, ಬಿಚ್ಚುವ ಮೊದಲು ಹುಡುಕಿದರೆ ಏನೂ ಸಿಗದು. ಒಂದು ಪದಕ್ಕೆ ತಡೆ ಹಾಕುವ ಬದಲು ಸಣ್ಣ ಅಂಕ ಕೊಡಿಸಿ. ಈ ಭಾಗಕ್ಕೆ ಒಂದು ಪುಟ ಪೂರ್ತಿ ಕೊಡಿ. ಕನ್ನಡದಲ್ಲಿ ಇದನ್ನು ಬರೆದವರು ಕಡಿಮೆ.

ಅಂಕದ ವಿಷಯದಲ್ಲೂ ಒಂದು ತಿದ್ದುಪಡಿ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್ 5 ಅಂಕ ಮುಟ್ಟಿದ ಪತ್ರವನ್ನು ಅಳಿಸುವುದಿಲ್ಲ, ಗುರುತು ಹಾಕುತ್ತದೆ ಅಷ್ಟೇ. ಮುಂದಿನ ಕೆಲಸ ಬೇರೆ ಪ್ರೋಗ್ರಾಮಿನದು. ಅದರ ಬೇಯ್ಸ್ ಕಲಿಕೆಯೂ (ಹಳೆಯ ಪತ್ರಗಳ ಪದ ನೋಡಿ ಹೊಸದರ ಸಂಭವ ಲೆಕ್ಕ ಹಾಕುವುದು) ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಪತ್ರ ತೋರಿಸುವವರೆಗೆ ಅಂಕ ಹಾಕದು.

‘ಸಂಸ್ಥೆಯ ಸ್ವಂತ ಡೊಮೇನ್ ಅನ್ನು ಸೇಫ್ ಲಿಸ್ಟ್‌ಗೆ ಸೇರಿಸಿ’ ಎಂಬ ಸಲಹೆಯನ್ನು ಮಾತ್ರ ಯಾವ ಕಾರಣಕ್ಕೂ ಅಚ್ಚು ಮಾಡೆ. ಫ್ರಮ್ ಸಾಲಿನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಮಾಲೀಕರ ಹೆಸರಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ’ ಎಂದು ಬರುವ ಕಳ್ಳಪತ್ರಕ್ಕೆ ಈ ನಿಯಮ ಬಾಗಿಲು ತೆರೆದುಕೊಡುತ್ತದೆ. ಅದೂ ಪಟ್ಟಿಯ ತಲೆಯಲ್ಲಿ ಕೂತು ‘ಮುಂದಿನ ನಿಯಮ ನೋಡಬೇಡ’ ಎಂದಿದ್ದರೆ ಕೆಳಗಿನ ತಪಾಸಣೆಯೆಲ್ಲ ವ್ಯರ್ಥ. ವಿನಾಯಿತಿ ಕೊಡಲೇಬೇಕಾದರೆ ಡಿಮಾರ್ಕ್ ಪಾಸಾಗಿರಬೇಕು ಎಂಬ ಷರತ್ತು ಜೊತೆಗಿರಲಿ.

ತಡೆಯುವ ಬಗೆಗಳನ್ನು ಒಂದೇ ಎಂಬಂತೆ ಬರೆದಿದ್ದೀರಿ. ಸರ್ವರ್ ಕೊಡುವ ಉತ್ತರಸಂಖ್ಯೆ 550 ಎಂದರೆ ಕಡ್ಡಿ ಮುರಿದಂತೆ ‘ಇಲ್ಲ’. 451 ಎಂದರೆ ‘ಆಮೇಲೆ ಬಾ’, ಸರಿಯಾದ ಸರ್ವರ್ ಮತ್ತೆ ಬರುತ್ತದೆ. ಸಂಪರ್ಕ ಇರುವಾಗಲೇ ನಿರಾಕರಿಸಿದರೆ ಕಳಿಸಿದವರಿಗೆ ತಿಳಿಯುತ್ತದೆ. ಒಪ್ಪಿಕೊಂಡು ಆಮೇಲೆ ವಾಪಸ್ಸು ಕಳಿಸಿದರೆ ಅದು ಹೋಗುವುದು ಯಾರ ಹೆಸರು ಕದ್ದಿದ್ದಾರೋ ಆ ಪಾಪದವರಿಗೆ.

ಹೊಸ ನಿಯಮವನ್ನು ಒಂದು ವಾರ ಏನೂ ತಡೆಯದೆ ಲಾಗ್‌ನಲ್ಲಿ ಮಾತ್ರ ದಾಖಲಾಗುವಂತೆ ಓಡಿಸಿ ನೋಡುವುದು, ಜಿಟ್ಯೂಬ್ ಎಂಬ ಪರೀಕ್ಷಾಸಾಲಿನಿಂದ ಸ್ಪ್ಯಾಮ್ ಪರೀಕ್ಷೆ, 68 ಅಕ್ಷರಗಳ ಐಕಾರ್ ಎಂಬ ನಿರುಪದ್ರವಿ ಪರೀಕ್ಷಾಕಡತದಿಂದ ವೈರಸ್ ಪರೀಕ್ಷೆ, ಇವಕ್ಕೆ ಒಂದು ಪ್ಯಾರಾ ಸಾಕು.

1,200 ಪದದೊಳಗೆ ತಿದ್ದಿ ಕಳಿಸಿ. ಈ ಸಲದ ಜಿಪ್‌ಗೆ ಪಾಸ್‌ವರ್ಡ್ ಇದ್ದುದರಿಂದ ಸ್ಕ್ಯಾನರ್ ಒಳಗೆ ನೋಡಲಾಗದೆ ಕ್ವಾರಂಟೈನ್‌ಗೆ ಹಾಕಿತ್ತು, ಮುಂದಿನ ಸಲ ಸಾದಾ ಡಾಕ್ಯುಮೆಂಟ್ ಇರಲಿ. ಬಿಲ್ ಪತ್ರದ ಹೆಡರ್‌ನ (ಪತ್ರ ಬಂದ ದಾರಿಯ ವಿವರ) ಸ್ಕ್ರೀನ್‌ಶಾಟ್ ಒಂದು ಬೇಕು. ಗಿರಾಕಿಯ ವಿಳಾಸ ಅಳಿಸಿ ಕಳಿಸಿ.

ಸಂಪಾದಕ, ಕಲಬುರಗಿ