ಬೀಗದ ಅಂಚು ಯಾಕೆ ಮೆತ್ತಗಾಗುತ್ತದೆ?

ಡಿಜಿಟಲ್ ಶಿಲ್ಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾರ್ಡ್ ಸರ್ಫೇಸ್ ಬಗ್ಗೆಯೇ ಇದ್ದವು. ಯಂತ್ರ, ಹೆಲ್ಮೆಟ್, ಕ್ಯಾಮೆರಾ, ಕವಚ, ಹೀಗೆ ಲೋಹ ಮತ್ತು ಪ್ಲಾಸ್ಟಿಕ್‌ನ ಗಟ್ಟಿ ವಸ್ತುಗಳನ್ನು ಝೀಬ್ರಷ್‌ನಂಥ ಡಿಜಿಟಲ್ ಶಿಲ್ಪದ ತಂತ್ರಾಂಶದಲ್ಲಿ ಮಾಡುವ ಕೆಲಸ. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಝೀಬ್ರಷ್‌ನಲ್ಲಿ ಮುಖ, ಪ್ರಾಣಿ ಎಲ್ಲ ಚೆನ್ನಾಗಿಯೇ ಮಾಡುತ್ತೇನೆ. ಆದರೆ ಯಂತ್ರ ಮಾಡಲು ಕೂತರೆ ನೀರಲ್ಲಿ ನೆನೆದ ಸೋಪಿನ ಥರ ಆಗುತ್ತದೆ. ಅಂಚು ಚೂಪಾಗಿ ನಿಲ್ಲುವುದಿಲ್ಲ. ಎಷ್ಟು ಪಾಲಿಶ್ ಮಾಡಿದರೂ ಮೇಲ್ಮೈ ಅಲೆಅಲೆ. ನನ್ನ ಕೈಯೇ ಸರಿ ಇಲ್ಲವಾ?

ಕೈ ಸರಿಯಾಗೇ ಇದೆ. ಅದು ಮುಖ ಮಾಡಿ ಪಳಗಿದ ಕೈ, ಅಷ್ಟೇ. ಕೆನ್ನೆಯ ಮೇಲೆ ಬ್ರಷ್ ಸ್ವಲ್ಪ ಆಚೀಚೆ ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಚರ್ಮ ಅಂದ ಮೇಲೆ ಏರುತಗ್ಗು ಇದ್ದೇ ಇರುತ್ತದೆ. ಲೋಹದ ತಗಡು ಹಾಗಲ್ಲ. ಅದರ ಮೇಲೆ ಬೆಳಕಿನ ಗೆರೆ ಹರಿಯುತ್ತದೆ. ಕೂದಲೆಳೆಯಷ್ಟು ಉಬ್ಬಿದ್ದರೂ ಆ ಗೆರೆ ಅಲ್ಲಿ ಸೊಟ್ಟಗಾಗುತ್ತದೆ. ಒಂದು ಹೊಳಪಿನ ಮ್ಯಾಟ್‌ಕ್ಯಾಪ್ (ಮೇಲ್ಮೈಗೆ ಬಣ್ಣ, ಬೆಳಕು ಕೊಡುವ ಹೊದಿಕೆ) ಹಾಕಿ, ಮಾಡೆಲ್ ಅನ್ನು ನಿಧಾನವಾಗಿ ತಿರುಗಿಸಿ ನೋಡಿ. ತಪ್ಪು ಎಲ್ಲಿದೆ ಅಂತ ಹೊಳಪೇ ಹೇಳುತ್ತದೆ.

ಈಗ ಅಂಚಿನ ವಿಷಯ. 6 ಮುಖದ ಒಂದು ಡಬ್ಬಿ ತಗೊಳ್ಳಿ. ಮಾಡೆಲ್‌ನ ಇಂಥ ಒಂದೊಂದು ಚಪ್ಪಟೆ ತುಣುಕಿಗೆ ಪಾಲಿಗಾನ್ ಅನ್ನುತ್ತೇವೆ. ಡಿವೈಡ್ ಒತ್ತಿದಾಗಲೆಲ್ಲ ಪ್ರತಿ ಪಾಲಿಗಾನ್ 4 ಆಗುತ್ತದೆ. 6 ಹೋಗಿ 24, ಆಮೇಲೆ 96, ಆಮೇಲೆ 384. ಎಣಿಕೆ ಏರುವುದರ ಜೊತೆಗೆ ಇನ್ನೊಂದೂ ನಡೆಯುತ್ತದೆ. ಪ್ರತಿ ಬಿಂದು ತನ್ನ ಅಕ್ಕಪಕ್ಕದ ಬಿಂದುಗಳ ಸರಾಸರಿಯ ಕಡೆಗೆ ಸರಿಯುತ್ತದೆ. ಮೂಲೆಗಳು ಒಳಕ್ಕೆ ಕುಗ್ಗುತ್ತವೆ. ಮೂರು ನಾಲ್ಕು ಸಲ ಒತ್ತುವಷ್ಟರಲ್ಲಿ ಡಬ್ಬಿ ಹೆಚ್ಚುಕಡಿಮೆ ಚೆಂಡು! ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಈ ವಿಧಾನವನ್ನು ಬರೆದಿಟ್ಟರು. ಬಳುಕುವ ಮೇಲ್ಮೈಗಳಿಗೆ ಅದು ವರ. ಚೂಪು ಅಂಚು ಬೇಕು ಅಂತ ನಾವು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದು ಹೇಗೆ?

ಹೇಳಲು ಎರಡು ದಾರಿ ಇವೆ. ಒಂದು, ಅಂಚಿನ ಪಕ್ಕದಲ್ಲೇ ಇನ್ನೊಂದು ಎಡ್ಜ್ ಲೂಪ್, ಅಂದರೆ ಮಾಡೆಲ್ ಸುತ್ತ ಹೋಗುವ ಅಂಚುಗಳ ಸಾಲು, ಹಾಕುವುದು. ಲೂಪ್ ಹತ್ತಿರ ಇದ್ದಷ್ಟೂ ಅಂಚು ಬಿಗಿ, ದೂರ ಹೋದಷ್ಟೂ ದುಂಡು. ಇನ್ನೊಂದು ಕ್ರೀಸ್. ಈ ಅಂಚನ್ನು ಮುಟ್ಟಬೇಡ ಅಂತ ಗುರುತು ಹಾಕಿದ ಹಾಗೆ. ನನಗೆ ಇಷ್ಟವಾಗುವುದು ಕ್ರೀಸ್ ಲೆವೆಲ್ ಅನ್ನುವ ಸ್ಲೈಡರ್. ಅದನ್ನು 2ಕ್ಕೆ ಇಟ್ಟು 4 ಸಲ ಡಿವೈಡ್ ಮಾಡಿ. ಮೊದಲ ಎರಡು ಸಲ ಅಂಚು ಚೂಪಾಗೇ ಉಳಿಯುತ್ತದೆ, ಆಮೇಲಿನ ಎರಡು ಸಲದಲ್ಲಿ ಚೂರೇ ಚೂರು ದುಂಡಾಗುತ್ತದೆ. ನಿಜವಾದ ಲೋಹದ ಅಂಚೂ ಹಾಗೇ ಇರುತ್ತದೆ.

ಇದೆಲ್ಲ ನೋಡಲು ಪ್ರತಿ ಸಲ ಡಿವೈಡ್ ಮಾಡಬೇಕಿಲ್ಲ. ಕೀಬೋರ್ಡಿನಲ್ಲಿ ಡಿ ಒತ್ತಿದರೆ ಡೈನಮಿಕ್ ಸಬ್‌ಡಿವ್, ಶಿಫ್ಟ್ ಹಿಡಿದು ಡಿ ಒತ್ತಿದರೆ ವಾಪಸ್. ಮಾಡೆಲ್ ಕೆಲವೇ ಪಾಲಿಗಾನ್‌ಗಳಲ್ಲಿ ಇರುತ್ತದೆ, ಕಣ್ಣಿಗೆ ಮಾತ್ರ ನಯವಾಗಿ ಕಾಣುತ್ತದೆ. ಹಾರ್ಡ್ ಸರ್ಫೇಸ್‌ನಲ್ಲಿ ಪಾಲಿಗಾನ್ ಕಡಿಮೆ ಇದ್ದಷ್ಟು ಹೊತ್ತೂ ನೀವೇ ರಾಜ. ಮುಖ ಮಾಡುವಾಗ ಬೇಗ ಲಕ್ಷಗಟ್ಟಲೆ ಪಾಲಿಗಾನ್‌ಗೆ ಹೋಗುತ್ತೀರಲ್ಲ, ಆ ಅಭ್ಯಾಸ ಇಲ್ಲಿ ಬಿಡಬೇಕು.

ನಿಮ್ಮ ಅಲೆಅಲೆಗೆ ಇನ್ನೊಂದು ಕಾರಣ ಡೈನಾಮೆಶ್ ಇರಬಹುದು. ಅದು ಇಡೀ ಆಕಾರವನ್ನು ನೇರ ಚೌಕಗಳ ಜಾಲರಿಯಲ್ಲಿ ಹೊಸದಾಗಿ ಕಟ್ಟುತ್ತದೆ. ಜಾಲರಿಯ ದಿಕ್ಕಿಗೇ ಇರುವ ಅಂಚು ಪರವಾಗಿಲ್ಲ. ಓರೆಯಾಗಿ ಹೋಗುವ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ನಾವು ಆ ಮೆಟ್ಟಿಲನ್ನು ಸ್ಮೂತ್ ಬ್ರಷ್‌ನಿಂದ ತಿಕ್ಕುತ್ತೇವೆ, ಅಲ್ಲಿಗೆ ಅಂಚು ಹೋಯಿತು. ಡೈನಾಮೆಶ್ ಅನ್ನು ಮೊದಲ ಕರಡು ಆಕಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಹಾಗೇ ಶಿಫ್ಟ್ ಕೀ ಮೇಲಿಂದ ಬೆರಳು ತೆಗೆಯಿರಿ, ಅದನ್ನು ಹಿಡಿದರೆ ಬರುವುದು ಸ್ಮೂತ್ ಬ್ರಷ್ಷೇ. ಮುಖ ಮಾಡುವವರ ಕಿರುಬೆರಳು ಯಾವಾಗಲೂ ಅಲ್ಲೇ ಕೂತಿರುತ್ತದೆ, ಸುಮ್ನೆ ಒಂದು ಸಲ ತಿಕ್ಕಿಬಿಡುತ್ತದೆ.

ಪ್ರಶ್ನೆ: ಕಲಿಯಲು ಮೊದಲು ಏನು ಮಾಡಲಿ? ರೋಬೋಟ್ ಮಾಡೋಣ ಅಂತಿದ್ದೇನೆ.

ರೋಬೋಟ್ ಆಮೇಲೆ. ಮೊದಲು ಒಂದು ಬೀಗ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಬೀಗದಲ್ಲಿ ಸಮತಲ ಇದೆ, ಉರುಟು ಇದೆ, ತೂತು ಇದೆ, ಎರಡು ಭಾಗ ಸೇರುವ ಜಾಗ ಇದೆ. ಅದು ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತು. ರೋಬೋಟ್ ನಿಮ್ಮ ಕಲ್ಪನೆ. ಅದರಲ್ಲಿ ತಪ್ಪಾದರೂ ಸರಿಯಾದರೂ ಹೋಲಿಸಿ ನೋಡಲು ಏನೂ ಇಲ್ಲ.

ಮನೆಯಲ್ಲಿರುವ ಒಂದು ಬೀಗ ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ. ಅಂಚಿನ ಮೇಲೆ ಉಗುರು ಎಳೆಯಿರಿ. ಎಲ್ಲ ಅಂಚೂ ಒಂದೇ ಥರ ಇರುವುದಿಲ್ಲ. ಮುಂಭಾಗದ ಅಂಚು ಒಂದು ದುಂಡು, ತಳದ್ದು ಇನ್ನೊಂದು, ಕೀಲಿ ತೂರುವ ತೂತಿನ ಅಂಚು ಹೆಚ್ಚುಕಡಿಮೆ ಚೂಪು. ಹೊಸಬರ ಮಾಡೆಲ್‌ನಲ್ಲಿ ಎಲ್ಲ ಅಂಚಿಗೂ ಒಂದೇ ಬೆವೆಲ್ (ಅಂಚನ್ನು ಸವರಿದ ಪಟ್ಟಿ) ಬಿದ್ದಿರುತ್ತದೆ. ಅದು ಆಟಿಕೆಯ ಹಾಗೆ ಕಾಣುವುದು ಅದಕ್ಕೇ.

ಒಡಲಿಗೆ ಒಂದು ಘನ ತಗೊಂಡು, ಪಾಲಿಗಾನ್, ಅಂಚು, ಬಿಂದುಗಳನ್ನು ಒಂದೊಂದಾಗಿ ತಿದ್ದುವ ಝೀಮಾಡೆಲರ್ ಬ್ರಷ್ ಹಿಡಿಯಿರಿ. ಕರ್ಸರ್ ಅನ್ನು ಪಾಲಿಗಾನ್ ಮೇಲೆ ತಂದು ಸ್ಪೇಸ್‌ಬಾರ್ ಹಿಡಿದರೆ ಅದಕ್ಕೊಂದು ಪಟ್ಟಿ ತೆರೆಯುತ್ತದೆ, ಅಂಚಿನ ಮೇಲೆ ತಂದರೆ ಬೇರೆ, ಬಿಂದುವಿನ ಮೇಲೆ ತಂದರೆ ಮತ್ತೊಂದು. ಪಟ್ಟಿ ನೋಡಿ ಗಾಬರಿ ಆಗಬೇಡಿ. ಪಾಲಿಗಾನ್‌ಗೆ ಕ್ಯೂಮೆಶ್ (ಹೊರಗೆ ಎಳೆಯಲು, ಒಳಗೆ ತಳ್ಳಲು) ಮತ್ತು ಇನ್‌ಸೆಟ್ (ಒಳಗೊಂದು ಚಿಕ್ಕ ಪಾಲಿಗಾನ್ ಮಾಡಲು), ಅಂಚಿಗೆ ಇನ್‌ಸರ್ಟ್ (ಎಡ್ಜ್ ಲೂಪ್ ಹಾಕಲು), ಬೆವೆಲ್, ಕ್ರೀಸ್. ಬೀಗಕ್ಕೆ ಇಷ್ಟೇ ಸಾಕು. ಉಳಿದವನ್ನು ಬೇಕಾದಾಗ ಹುಡುಕಿಕೊಂಡರಾಯಿತು.

ಮೇಲಿನ ಬಳೆ ಬೇರೆ ಸಬ್‌ಟೂಲ್, ಅಂದರೆ ಮಾಡೆಲ್‌ನ ಪ್ರತ್ಯೇಕ ತುಂಡು, ಆಗಿರಲಿ. ಒಂದು ರಿಂಗ್ ತಗೊಂಡು, ಕೆಳಗಿನ ಅರ್ಧವನ್ನು ಮರೆಮಾಡಿ, ಡೆಲ್ ಹಿಡನ್ ಕೊಡಿ, ಮರೆಯಾದದ್ದು ಅಳಿಸಿಹೋಗುತ್ತದೆ. ತೆರೆದ ಎರಡು ತುದಿಗಳ ಬಿಂದುಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅಲ್ಲಾಡದ ಹಾಗೆ ಮಾಸ್ಕ್ ಹಾಕಿ, ಗಿಜ್ಮೋ (ಸರಿಸಲು, ತಿರುಗಿಸಲು ಇರುವ ಹಿಡಿಕೆ) ಹಿಡಿದು ನೇರ ಕೆಳಗೆ ಎಳೆಯಿರಿ. ಎರಡು ಕಾಲು ಸಿಕ್ಕಿತು. ಈಗ ಮುಖ್ಯವಾದ ಮಾತು. ಆ ಕಾಲುಗಳನ್ನು ಸುಮ್ನೆ ಒಡಲಿನೊಳಗೆ ತೂರಿಸಿ ಬಿಡಬೇಡಿ. ಒಡಲಿನಲ್ಲಿ ಕಾಲಿಗಿಂತ ಚೂರು ದೊಡ್ಡ ತೂತು ಕೊರೆಯಿರಿ. ಆ ಸಣ್ಣ ಸಂದಿಯಲ್ಲಿ ನೆರಳು ಬೀಳುತ್ತದೆ. ಬಳೆ ಬೇರೆ, ಒಡಲು ಬೇರೆ, ಇದು ತೆರೆಯುವ ಬೀಗ ಅಂತ ನೋಡುವವರಿಗೆ ಹೇಳುವುದು ಆ ನೆರಳೇ. ತೂತಿನ ಬಾಯಿಗೆ ಒಂದು ಕಿರಿದಾದ ಬೆವೆಲ್ ಕೊಡಿ, ಅಲ್ಲೊಂದು ಬೆಳಕಿನ ಉಂಗುರ ಹೊಳೆಯುತ್ತದೆ.

ಇಷ್ಟಾದ ಮೇಲೆ ಒಂದು ಟಾರ್ಚ್ ಮಾಡಿ, ಆಮೇಲೆ ಒಂದು ಹಳೆಯ ಕ್ಯಾಮೆರಾ. ರೋಬೋಟ್‌ನ ಕೀಲು, ಕೊಳವೆ, ತಿರುಪು ಎಲ್ಲ ಅಷ್ಟರಲ್ಲೇ ಬಂದಿರುತ್ತದೆ.

ಪ್ರಶ್ನೆ: ಲೈವ್ ಬೂಲಿಯನ್‌ನಲ್ಲಿ ತೂತು ಕೊರೆದಾಗ ಸೊಗಸಾಗಿ ಕಾಣುತ್ತದೆ. ಮೆಶ್ ಮಾಡಿ ಡಿವೈಡ್ ಕೊಟ್ಟರೆ ತೂತಿನ ಸುತ್ತ ಚಿಂದಿ ಚಿಂದಿ. ಕೆಲವು ಸಲ ಕೊರೆಯುವುದೇ ಇಲ್ಲ.

ಲೈವ್ ಬೂಲಿಯನ್ ಅಂದರೆ ಒಂದು ತುಂಡಿನ ಆಕಾರವನ್ನು ಇನ್ನೊಂದರಿಂದ ಕಳೆದು ತೋರಿಸುವ ಸಾಧನ; ಅದನ್ನು ಪಕ್ಕಾ ಮಾಡಿದಾಗ ಸಿಗುವ ಪಾಲಿಗಾನ್‌ಗಳ ಬಲೆಯೇ ಮೆಶ್. ಕೊರೆಯದಿರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. ಕೊರೆಯುವ ತುಂಡಿನ ಮುಖವೂ ಒಡಲಿನ ಮುಖವೂ ಒಂದೇ ಮಟ್ಟದಲ್ಲಿ ಕೂತಿರುತ್ತವೆ. ಯಾವುದು ಒಳಗೆ, ಯಾವುದು ಹೊರಗೆ ಅಂತ ಲೆಕ್ಕ ಸಿಗುವುದಿಲ್ಲ. ಕೊರೆಯುವ ತುಂಡು ಒಡಲಿನಿಂದ ಸ್ವಲ್ಪ ಆಚೆಗೆ ಚಾಚಿರಲಿ, ಸರಿಹೋಗುತ್ತದೆ. ತುಂಡಿನಲ್ಲಿ ತೆರೆದ ತೂತು ಇದ್ದರೂ ಕಷ್ಟವೇ, ಮೊದಲು ಮುಚ್ಚಿ.

ಚಿಂದಿಯ ವಿಷಯ ಬೇರೆ. 2017ರಲ್ಲಿ ಝೀಬ್ರಷ್ 4ಆರ್8 ಜೊತೆ ಲೈವ್ ಬೂಲಿಯನ್ ಬಂದಾಗ ಎಲ್ಲರಿಗೂ ಖುಷಿಯೋ ಖುಷಿ. ನಿಜಕ್ಕೂ ಅದ್ಭುತ ಸಾಧನ. ಆದರೆ ಎರಡು ಮೆಶ್ ಸಂಧಿಸುವ ಕಡೆ ಅದು ಉದ್ದುದ್ದ, ಸಪೂರ ತ್ರಿಕೋನಗಳನ್ನು ಬಿಟ್ಟು ಹೋಗುತ್ತದೆ. ಸಮತಟ್ಟಾಗಿರುವ ತನಕ ಅವು ಕಾಣುವುದಿಲ್ಲ. ಡಿವೈಡ್ ಮಾಡಿ ಸರಾಸರಿ ತೆಗೆಯಲು ಹೋದರೆ ಒಂದೊಂದೂ ಸುಕ್ಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮಾಡೆಲ್ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲಿದೆ. 3ಡಿ ಪ್ರಿಂಟಿಗಾದರೆ ಹಾಗೇ ಬಿಡಿ. ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಇರುವುದೇ ತ್ರಿಕೋನಗಳು. ಒಂದು ಚಿತ್ರ ರೆಂಡರ್ ಮಾಡುವುದಷ್ಟೇ ಕೆಲಸವಾದರೂ ಡಿವೈಡ್ ಯಾಕೆ ಬೇಕು? ಡಿವೈಡ್ ಮಾಡಲೇಬೇಕು ಅಂತಾದರೆ ಮೊದಲು ಮೆಶ್ ಅನ್ನು ಅಚ್ಚುಕಟ್ಟಾದ ಚೌಕಗಳಲ್ಲಿ ಮತ್ತೆ ಕಟ್ಟುವ ಝೀರಿಮೆಶರ್ ಓಡಿಸಿ. 2019ರ ಆವೃತ್ತಿಯಿಂದ ಅದರಲ್ಲಿ ಅಂಚುಗಳನ್ನು ತಾನೇ ಗುರುತಿಸುವ ಆಯ್ಕೆ ಇದೆ, ಹಾರ್ಡ್ ಸರ್ಫೇಸ್‌ಗೆ ಅದನ್ನು ಆನ್ ಮಾಡಿಕೊಳ್ಳಿ. ಬೇರೆ ಬೇರೆ ಬಣ್ಣದ ಪಾಲಿಗ್ರೂಪ್ (ಬಣ್ಣದಿಂದ ಗುರುತಿಸಿದ ಪಾಲಿಗಾನ್ ಗುಂಪು) ಇರುವ ತುಂಡಿನಿಂದ ಕೊರೆದರೆ ತೂತಿನ ಒಳಗೋಡೆಗೂ ಅದೇ ಗ್ರೂಪ್ ಬರುತ್ತದೆ. ಆಮೇಲೆ ಕ್ರೀಸ್ ಪಿಜಿ ಒತ್ತಿದರೆ ಗ್ರೂಪಿನ ಗಡಿಗಳಿಗೆಲ್ಲ ಒಂದೇ ಏಟಿಗೆ ಕ್ರೀಸ್ ಬೀಳುತ್ತದೆ. ಒಂದೊಂದೇ ಅಂಚು ಹುಡುಕುವ ಕಷ್ಟ ತಪ್ಪಿತು.

ಮೂಲ ತುಂಡುಗಳನ್ನು ಅಳಿಸಬೇಡಿ. ತೂತು ಎರಡು ಮಿಲಿಮೀಟರ್ ಮೇಲೆ ಹೋಗಬೇಕಿತ್ತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಪ್ರಶ್ನೆ: ಕ್ಲಿಪ್ ಕರ್ವ್‌ನಿಂದ ಕತ್ತರಿಸಿದ ಕಡೆ ಅಂಚಿನಲ್ಲಿ ಗಂಟು ಗಂಟಾಗಿ ಕಾಣುತ್ತದೆ, ಯಾಕೆ?

ಕ್ಲಿಪ್ ಕರ್ವ್ ಗೆರೆ ಎಳೆದು ಬಳಸುವ ಬ್ರಷ್, ಆದರೆ ಅದು ಕತ್ತರಿಸುವುದೇ ಇಲ್ಲ. ಗೆರೆಯಾಚೆ ಇದ್ದ ಬಿಂದುಗಳನ್ನೆಲ್ಲ ಗೆರೆಯ ಮೇಲೆ ತಳ್ಳಿ ಒತ್ತಿಡುತ್ತದೆ. ಪಾಲಿಗಾನ್‌ಗಳು ಅಲ್ಲೇ ಒಂದರ ಮೇಲೊಂದು ಬಿದ್ದಿರುತ್ತವೆ. ಶಿಫ್ಟ್ ಹಿಡಿದು ಎಫ್ ಒತ್ತಿ ಪಾಲಿಫ್ರೇಮ್ (ಪಾಲಿಗಾನ್‌ಗಳ ಗೆರೆ) ನೋಡಿ, ಗುಂಪು ಕಾಣುತ್ತದೆ. ನಿಜವಾಗಿ ಕತ್ತರಿಸಲು ಟ್ರಿಮ್ ಕರ್ವ್ ಅಥವಾ ನೈಫ್ ಕರ್ವ್ ಬಳಸಿ. ಕರಡಿನಲ್ಲಿ ಕ್ಲಿಪ್ ಆದರೂ ನಡೆಯುತ್ತದೆ, ತಕ್ಷಣ ಡೈನಾಮೆಶ್ ಮಾಡಿದರೆ ಆ ಗುಂಪು ಹೋಗುತ್ತದೆ. ಗೆರೆ ಎಳೆಯುವಾಗ ಆಲ್ಟ್ ಒಂದು ಸಲ ತಟ್ಟಿದರೆ ಬಾಗು, ಎರಡು ಸಲ ತಟ್ಟಿದರೆ ಮೂಲೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬರೀ ನೇರ ಗೆರೆಯಲ್ಲೇ ಕಾಲ ಹಾಕುತ್ತಾರೆ.

ಪ್ರಶ್ನೆ: ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ? ಪೆನ್ ಟ್ಯಾಬ್ಲೆಟ್?

ಕಂಪ್ಯೂಟರಿನ ಝೀಬ್ರಷ್ ಬಹುಪಾಲು ಪ್ರೊಸೆಸರ್ ಮೇಲೆಯೇ ನಡೆಯುತ್ತದೆ. ಹಣ ಇದ್ದರೆ ಪ್ರೊಸೆಸರ್ ಮತ್ತು ರ್‍ಯಾಮ್‌ಗೆ ಹಾಕಿ. ಝೀಮಾಡೆಲರ್ ಕೆಲಸ ಮೌಸ್‌ನಲ್ಲೂ ಆಗುತ್ತದೆ, ನನಗಂತೂ ಮೌಸೇ ಹಿತ. ಗೀರು, ಜಜ್ಜು ಹಾಕುವಾಗ ಮಾತ್ರ ಪೆನ್ ಬೇಕು.

ಪ್ರಶ್ನೆ: ಹಾರ್ಡ್ ಸರ್ಫೇಸ್‌ಗೆ ಝೀಬ್ರಷ್ ಬಿಟ್ಟು ಬ್ಲೆಂಡರ್ ಕಲಿ ಅಂತ ಗೆಳೆಯರು ಹೇಳುತ್ತಾರೆ. ನಿಜವಾ?

ಅರ್ಧ ನಿಜ. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಅದರ ಬೆವೆಲ್ ಮಾಡಿಫೈಯರ್ ಬಹಳ ಒಳ್ಳೆಯದು. ಅಂಚಿನ ಅಗಲವನ್ನು ನಾಳೆ ಬೇಕಾದರೂ ಬದಲಾಯಿಸಬಹುದು, ಮೂಲ ಮೆಶ್ ಹಾಗೇ ಇರುತ್ತದೆ. ಅಳತೆ ಪಕ್ಕಾ ಇರಬೇಕಾದ ಕೆಲಸ ನನಗೆ ಬಂದರೆ ನಾನು ಅಲ್ಲೇ ಮಾಡುತ್ತೇನೆ. ಆಕಾರ ಇನ್ನೂ ಹೊಳೆದಿಲ್ಲ, ಹುಡುಕಬೇಕು ಅಂದಾಗ ಝೀಬ್ರಷ್. ಕೊನೆಯಲ್ಲಿ ತುಕ್ಕು, ಗೀರು, ಏಟು ಬಿದ್ದ ಗುರುತು ಹಾಕಲೂ ಝೀಬ್ರಷ್ಷೇ. ಟ್ರಿಮ್ ಡೈನಮಿಕ್ ಬ್ರಷ್‌ನಿಂದ ಅಂಚನ್ನು ಅಲ್ಲಲ್ಲಿ ಸವೆಸುವ ಸುಖ ಬೇರೆ ಕಡೆ ಇಲ್ಲ. ಆದರೆ ಅಂಚು ಏನು, ಸಮತಲ ಏನು ಅಂತ ಅರ್ಥವಾಗುವ ಮೊದಲೇ ತಂತ್ರಾಂಶ ಬದಲಾಯಿಸಿದರೆ ಅದೇ ಸೋಪು ಅಲ್ಲೂ ಬರುತ್ತದೆ.

ಪ್ರಶ್ನೆ: ನಾನು ಮಾಡಿದ ಹೆಲ್ಮೆಟ್‌ನ ಚಿತ್ರ ಕಳಿಸಿದ್ದೇನೆ. ತುಂಬ ಶ್ರಮಪಟ್ಟು ಡೀಟೇಲ್ ಹಾಕಿದ್ದೇನೆ. ಆದರೂ ನಂಬುವ ಹಾಗೆ ಕಾಣುತ್ತಿಲ್ಲ. ಏನು ಕಮ್ಮಿ?

ಕಮ್ಮಿ ಏನೂ ಇಲ್ಲ, ಜಾಸ್ತಿಯಾಗಿದೆ. ಬೋಲ್ಟ್ ಬ್ರಷ್ ಕೈಗೆ ಸಿಕ್ಕಿದರೆ ಎಲ್ಲರಿಗೂ ಹೀಗೇ ಆಗುತ್ತದೆ. ಸಿದ್ಧ ವಸ್ತುಗಳನ್ನು ಕೂರಿಸುವ ಇನ್‌ಸರ್ಟ್ ಮೆಶ್ ಬ್ರಷ್‌ನಲ್ಲಿ ಒಂದು ಎಳೆತಕ್ಕೆ ಒಂದು ಬೋಲ್ಟ್, ಕೈ ನಿಲ್ಲುವುದಿಲ್ಲ ಅಲ್ವಾ! ನಿಮ್ಮ ಹೆಲ್ಮೆಟ್‌ನ ಒಟ್ಟು ಆಕಾರ ನಿಜಕ್ಕೂ ಚೆನ್ನಾಗಿದೆ. ಹಣೆಯಿಂದ ಹಿಂದಕ್ಕೆ ಹೋಗುವ ಆ ಉದ್ದ ಬಾಗು ಎಷ್ಟು ಚಂದ ಬಂದಿದೆ, ಅದನ್ನೇ ಆರು ಗೆರೆ ಹಾಕಿ ಮುಚ್ಚಿಬಿಟ್ಟಿದ್ದೀರಿ.

ಪ್ರತಿ ಗೆರೆಯನ್ನೂ ಕೇಳಿ: ಇಲ್ಲಿ ಯಾವ ಎರಡು ಭಾಗ ಸೇರುತ್ತವೆ? ಉತ್ತರ ಇಲ್ಲದಿದ್ದರೆ ತೆಗೆಯಿರಿ. ಬೋಲ್ಟ್‌ಗೂ ಅದೇ ಪ್ರಶ್ನೆ. ಗದ್ದದ ಕೆಳಗಿನ ನಾಲ್ಕು ಬೋಲ್ಟ್‌ಗಳು ಒಳಮೂಲೆಯಲ್ಲಿ ಎಷ್ಟು ಒತ್ತಾಗಿ ಕೂತಿವೆ ಎಂದರೆ, ಸ್ಪ್ಯಾನರ್ ತಿರುಗಿಸಲು ಜಾಗವೇ ಇಲ್ಲ. ನೋಡುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಏನೋ ಸರಿ ಇಲ್ಲ ಅಂತ ಮಾತ್ರ ಅನಿಸುತ್ತದೆ. ಕಿವಿಯ ಹತ್ತಿರ ಬೋಲ್ಟ್ ಇರಲಿ, ಅಲ್ಲಿ ಮುಖಗವಚ ತಿರುಗುತ್ತದೆ.

ಆ ಮುಖಗವಚ ನಿಜವಾಗಿ ತಿರುಗುತ್ತದಾ ಅಂತಲೂ ನೋಡಿ. ಅದು ಬೇರೆ ಸಬ್‌ಟೂಲ್ ಆಗಿದೆ ಅಂದುಕೊಳ್ಳುತ್ತೇನೆ. ಆಲ್ಟ್ ಹಿಡಿದು ಗಿಜ್ಮೋವನ್ನು ಕಿವಿಯ ಬೋಲ್ಟ್‌ನ ನಡುವಿಗೆ ತನ್ನಿ, ಆಮೇಲೆ ಮುಖಗವಚವನ್ನು ಮೇಲಕ್ಕೆ ತಿರುಗಿಸಿ. ಚಿತ್ರ ನೋಡಿದರೆ ಹಣೆಯ ದಪ್ಪ ಭಾಗಕ್ಕೆ ಅದು ತೂರಿಕೊಳ್ಳುತ್ತದೆ ಅನಿಸುತ್ತದೆ. ತೂರಿಕೊಂಡರೆ ಬೋಲ್ಟ್ ಅನ್ನು ಸ್ವಲ್ಪ ಮೇಲೆ, ಸ್ವಲ್ಪ ಹಿಂದೆ ಸರಿಸಿ ಮತ್ತೆ ತಿರುಗಿಸಿ ನೋಡಿ. ಅದು ಸಲೀಸಾಗಿ ತೆರೆದ ದಿನ ಇನ್ನೊಂದು ಚಿತ್ರ ಕಳಿಸಿ, ಪಕ್ಕದಿಂದ ತೆಗೆದದ್ದು ಇರಲಿ.